ಫೋನಿನಲ್ಲಿ ನಾನು ಹೇಳಿದ ಒಂದು ಮಾತು, ಪಕ್ಕದ ಮನೆಯ ಬೀಚ್ ಮರ

ಇಂಗ್ಲೆಂಡಿನ ಒಂದು ಹಳ್ಳಿಯ ಪ್ಯಾರಿಷ್ ಕೌನ್ಸಿಲ್‌ನಲ್ಲಿ ನಾನು ಕ್ಲರ್ಕ್. ಕ್ಲರ್ಕ್ ಅಂದ ತಕ್ಷಣ ನಮ್ಮ ಕಡೆಯವರು ಫೈಲು ಜೋಡಿಸುವ ಕೆಲಸ ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಮಾಡುವ ಕೆಲಸಕ್ಕೆ ಇದು ಹತ್ತಿರ. ಅಜೆಂಡಾ ತಯಾರಿಸೋದು, ನಡಾವಳಿ ಬರೆಯೋದು, ಲೆಕ್ಕ ಇಡೋದು, ಕಾನೂನು ಏನು ಹೇಳುತ್ತದೆ ಅಂತ ಸದಸ್ಯರಿಗೆ ತಿಳಿಸೋದು, ಊರಿನವರ ಫೋನ್ ತೆಗೆಯೋದು, ಎಲ್ಲ ಒಬ್ಬರೇ. ಪಿಡಿಒಗೂ ನಮಗೂ ಇರುವ ವ್ಯತ್ಯಾಸ ಅಂದರೆ ನಮ್ಮನ್ನು ಸರ್ಕಾರ ಕಳಿಸುವುದಿಲ್ಲ, ಕೌನ್ಸಿಲ್ಲೇ ನೇಮಿಸಿಕೊಳ್ಳುತ್ತದೆ.

ಪ್ಯಾರಿಷ್ ಅನ್ನೋದು ಮೂಲತಃ ಚರ್ಚಿನ ಮಾತು. 1894ರ ಕಾನೂನು ಹಳ್ಳಿಯ ಸಾರ್ವಜನಿಕ ಕೆಲಸಗಳನ್ನು ಚರ್ಚಿನ ಕೈಯಿಂದ ಬಿಡಿಸಿ, ಜನ ಆರಿಸಿದ ಕೌನ್ಸಿಲ್‌ಗೆ ಕೊಟ್ಟಿತು. ಹೆಸರು ಮಾತ್ರ ಹಾಗೇ ಉಳಿಯಿತು.

ನಾನು ಹೇಳಬೇಕು ಅಂದುಕೊಂಡಿದ್ದು ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಕೆಲಸಕ್ಕೆ ಸೇರಿ ಮೂರನೇ ತಿಂಗಳು. ಮಾರ್ಚ್ ಕೊನೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಫೋನ್ ಬಂತು. ಎಪ್ಪತ್ತರ ಆಸುಪಾಸಿನ ಹಿರಿಯರು. ಪಕ್ಕದ ಮನೆಯ ಬೀಚ್ (beech) ಅನ್ನೋ ಜಾತಿಯ ಮರದ ಕೊಂಬೆಗಳು ತಮ್ಮ ತರಕಾರಿ ಪಾತಿಯ ಮೇಲೆ ಚಾಚಿಕೊಂಡಿವೆ, ಬೇಸಿಗೆಯಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಬೀಳೋದಿಲ್ಲ, ಎರಡು ವರ್ಷದಿಂದ ಹುರುಳಿಕಾಯಿ ಸರಿಯಾಗಿ ಬಂದಿಲ್ಲ ಅಂತ ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ, ಪಾಪ, ಬೇಸರದಿಂದ ಹೇಳಿದರು. "ನನ್ನ ಕಡೆ ಬಂದಿರುವ ಕೊಂಬೆಗಳನ್ನು ಕಡಿಸಬಹುದಾ?" ಅಂತ ಕೇಳಿದರು. ನಾನು ಹಿಂದಿನ ವಾರವಷ್ಟೇ ಅದರ ಬಗ್ಗೆ ಓದಿದ್ದೆ. "ಹೌದು, ನಿಮ್ಮ ಗಡಿಯೊಳಗೆ ಬಂದಿದ್ದನ್ನು ಕಡಿಸಬಹುದು" ಅಂದೆ. ಎರಡು ನಿಮಿಷದ ಮಾತು. ಒಬ್ಬರಿಗೆ ಸಹಾಯ ಮಾಡಿದೆ ಅನ್ನೋ ಖುಷಿಯಲ್ಲಿ ಫೋನ್ ಇಟ್ಟೆ.

ಐದು ದಿನ ಆದಮೇಲೆ ಇನ್ನೊಂದು ಫೋನ್. ಈ ಸಲ ಮರದ ಮನೆಯವರು. ಅವರು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಿದ್ದಾರೆ, ಗರಗಸದ ಸದ್ದು ಕೇಳಿದೆ, ಎಲ್ಲೋ ರಸ್ತೆ ಕೆಲಸ ಇರಬೇಕು ಅಂದುಕೊಂಡು ಮಗ್ಗುಲು ಬದಲಿಸಿದ್ದಾರೆ. ಮಧ್ಯಾಹ್ನ ಎದ್ದು ಹಿತ್ತಲಿಗೆ ಹೋಗಿ ನೋಡಿದರೆ ಮರದ ಒಂದು ಪಕ್ಕ ಪೂರ್ತಿ ಬೋಳು. ಬೊಡ್ಡೆಯ ಹತ್ತಿರದಿಂದ ಹೊರಟ ದಪ್ಪ ಕೊಂಬೆಗಳೇ ಹೋಗಿವೆ. ಕಡಿದ ಕೊಂಬೆಗಳನ್ನೆಲ್ಲ ಬೇಲಿ ದಾಟಿಸಿ ಇವರ ಹುಲ್ಲಿನ ಮೇಲೆ ಹಾಕಿದ್ದಾರೆ. ಕೇಳಿದ್ದಕ್ಕೆ ಆ ಹಿರಿಯರು ಹೇಳಿದ್ದು ಒಂದೇ ಮಾತು: "ಕೌನ್ಸಿಲ್‌ನವರೇ ಕಡಿಸಿ ಅಂದರು."

ನನಗೆ ಕೈಕಾಲು ತಣ್ಣಗಾಯಿತು.

ಯಾಕೆಂದರೆ ಅವರು ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ ನಿಯಮವೂ ಸುಳ್ಳಲ್ಲ. ಗಡಿ ದಾಟಿ ಬಂದ ಕೊಂಬೆಯನ್ನು ಗಡಿಯವರೆಗೆ ಕಡಿಯುವ ಹಕ್ಕು ಪಕ್ಕದವರಿಗೆ ಇದೆ ಅಂತ ಆಗ ಇಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1895ರಷ್ಟು ಹಿಂದೆಯೇ ಹೇಳಿದೆ. ಆದರೆ ನಾನು ಅರ್ಧ ಮಾತ್ರ ಹೇಳಿದ್ದೆ. ಆ ಬೀದಿ ಇರುವುದು ಕನ್ಸರ್ವೇಷನ್ ಏರಿಯಾದಲ್ಲಿ. ಅಂದರೆ ಹಳೆಯ ಮನೆಗಳು, ಮರಗಳು ಸೇರಿ ಊರಿನ ಚಹರೆ ಕೆಡಬಾರದು ಅಂತ ಗುರುತು ಮಾಡಿಟ್ಟ ಭಾಗ. ಅಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಅಳೆದಾಗ ಕಾಂಡ 75 ಮಿಲಿಮೀಟರ್‌ಗಿಂತ ದಪ್ಪ ಇರುವ ಯಾವ ಮರ ಮುಟ್ಟಬೇಕಾದರೂ, ಆರು ವಾರ ಮೊದಲು ಯೋಜನಾ ಪ್ರಾಧಿಕಾರಕ್ಕೆ ಬರೆದು ತಿಳಿಸಬೇಕು. ಅದು ನಮ್ಮ ಕೌನ್ಸಿಲ್ ಕೂಡ ಅಲ್ಲ, ಮೇಲಿನ ಡಿಸ್ಟ್ರಿಕ್ಟ್ ಕೌನ್ಸಿಲ್. ಆ ಆರು ವಾರದಲ್ಲಿ ಅವರ ಟ್ರೀ ಆಫೀಸರ್ ಬಂದು ನೋಡುತ್ತಾರೆ. ಮರ ಉಳಿಸಬೇಕು ಅನ್ನಿಸಿದರೆ ಅದರ ಮೇಲೆ ರಕ್ಷಣೆಯ ಆದೇಶ ಹಾಕುತ್ತಾರೆ. ತಿಳಿಸದೆ ಕಡಿದರೆ ಅಪರಾಧ. ಮೇಲಾಗಿ ಅದು ಮಾರ್ಚ್, ಹಕ್ಕಿಗಳು ಗೂಡು ಕಟ್ಟುವ ಕಾಲ. ಮೊಟ್ಟೆ ಮರಿ ಇರುವ ಗೂಡಿಗೆ ಪೆಟ್ಟಾದರೆ 1981ರ ವನ್ಯಜೀವಿ ಕಾಯ್ದೆ ಬೇರೆ ಅಡ್ಡ ಬರುತ್ತದೆ. ಇದರಲ್ಲಿ ಒಂದನ್ನೂ ನಾನು ಆ ಹಿರಿಯರಿಗೆ ಹೇಳಿರಲಿಲ್ಲ. "ನಿಮ್ಮ ಮನೆ ಯಾವ ಬೀದಿ?" ಅಂತ ಕೂಡ ಕೇಳಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ತುಂಬ ಯೋಚಿಸಿದೆ. ಸಾಗರದ ಕಡೆ ನಮ್ಮ ಚಿಕ್ಕಪ್ಪ ಒಂದು ಅವಧಿಗೆ ಪಂಚಾಯಿತಿ ಸದಸ್ಯರಾಗಿದ್ದರು. ಬೇಲಿ ಜಗಳ, ಹಲಸಿನ ಕೊಂಬೆ ಜಗಳ ಅಂತ ಯಾರಾದರೂ ಬೆಳಿಗ್ಗೆ ಮನೆಗೆ ಬಂದರೆ, ಅವರಿಗೊಂದು ಕಾಫಿ ಕೊಟ್ಟು, "ಹೋಗ್ಲಿ ಬಿಡು, ಅವನ ಹತ್ರ ನಾ ಮಾತಾಡ್ತೀನಿ" ಅನ್ನೋರು. ಸಂಜೆ ಹೋಗಿ ಮಾತಾಡಿಯೂ ಬರೋರು. ಅಲ್ಲಿ ಬಾಯಿಮಾತೇ ಸಹಾಯ. ಯಾಕೆಂದರೆ ಅವರಿಗೆ ಬೇಲಿಯ ಎರಡೂ ಕಡೆಯವರು ಗೊತ್ತಿದ್ದರು. ನಾನು ಅವರ ಮಾತಿನ ಧಾಟಿ ಮಾತ್ರ ಕಲಿತಿದ್ದೆ. ಸಂಜೆ ಹೋಗಿ ಇನ್ನೊಂದು ಕಡೆಯವರನ್ನು ಮಾತಾಡಿಸುವ ಕೆಲಸ ಬಿಟ್ಟುಬಿಟ್ಟಿದ್ದೆ.

ಟ್ರೀ ಆಫೀಸರ್ ಬಂದು ಅಳತೆ ತೆಗೆದುಕೊಂಡು ಹೋದರು. ಮರ ಸಾಯುವುದಿಲ್ಲ, ಆದರೆ ದೊಡ್ಡ ಗಾಯಗಳಾಗಿರುವುದರಿಂದ ಕೊಳೆ ಹಿಡಿಯದಂತೆ ಕೆಲವು ವರ್ಷ ನೋಡಿಕೊಳ್ಳಬೇಕು ಅಂದರು. ಹಿರಿಯರಿಗೆ ಎಚ್ಚರಿಕೆಯ ಪತ್ರ ಬಂತು, ಕೋರ್ಟಿಗೆ ಹೋಗಲಿಲ್ಲ. ನನ್ನ ಫೋನ್ ಮಾತಿನ ವಿಷಯವನ್ನು ನಾನೇ ಬರೆದು ಟ್ರೀ ಆಫೀಸರ್‌ಗೆ ಕೊಟ್ಟಿದ್ದೆ. ಅದರಿಂದ ಹಿರಿಯರಿಗೆ ಎಷ್ಟು ಅನುಕೂಲವಾಯಿತೋ ಗೊತ್ತಿಲ್ಲ, ಆದರೆ ಬರೆಯದೆ ಇದ್ದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಮುಂದಿನ ತಿಂಗಳ ಸಭೆಗೆ ಇಬ್ಬರೂ ಬಂದರು. ಹಾಲಿನ ಎರಡು ಮೂಲೆಯಲ್ಲಿ ಕೂತರು. ನಮ್ಮ ಸಭೆಯಲ್ಲಿ ಊರಿನವರಿಗೆ ಮಾತಾಡಲು ಮೊದಲು ಸ್ವಲ್ಪ ಹೊತ್ತು ಇರುತ್ತದೆ, ತಲಾ ಮೂರು ನಿಮಿಷ. ಅದಕ್ಕೂ ಮುಂಚೆ ನಾನು ಅಧ್ಯಕ್ಷರ ಅನುಮತಿ ಪಡೆದು ನಡೆದಿದ್ದನ್ನು ಇದ್ದ ಹಾಗೆ ಓದಿದೆ. ಫೋನ್ ಬಂದ ದಿನ, ನಾನು ಹೇಳಿದ ಮಾತು, ನಾನು ಕೇಳದೆ ಬಿಟ್ಟ ಪ್ರಶ್ನೆ. ಆ ನರ್ಸ್ ತಾವು ಬರೆದುಕೊಂಡು ಬಂದಿದ್ದ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. "ನನಗೆ ಕೇಳಬೇಕಾಗಿದ್ದು ಇಷ್ಟೇ, ಯಾರೂ ನನಗೆ ಮೊದಲು ಒಂದು ಮಾತು ಯಾಕೆ ಹೇಳಲಿಲ್ಲ" ಅಂದರು. ಕಾನೂನಿನ ಪ್ರಕಾರ ಪಕ್ಕದವರಿಗೆ ಮೊದಲು ಹೇಳಲೇಬೇಕು ಅಂತ ಇಲ್ಲ. ಆ 1895ರ ತೀರ್ಪೂ ಹಾಗೇ ಹೇಳುತ್ತದೆ. ಆದರೆ ಅವತ್ತು ಆ ಹಾಲಿನಲ್ಲಿ ಆ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ, ಬರಲೂಬಾರದಿತ್ತು ಅಂತಲೇ ಈಗಲೂ ಅನ್ನಿಸುತ್ತದೆ.

ಆವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಮೇಜಿನ ಮುಂದಿನ ಗೋಡೆಗೆ ಊರಿನ ನಕ್ಷೆ ಹಾಕಿಕೊಂಡೆ. ಕನ್ಸರ್ವೇಷನ್ ಏರಿಯಾದ ಗಡಿ, ರಕ್ಷಣೆಯ ಆದೇಶ ಇರುವ ಒಂದೊಂದು ಮರ, ನಮ್ಮ ಕೌನ್ಸಿಲ್ ಜಾಗ ಯಾವುದು, ರಸ್ತೆಯವರದು ಯಾವುದು, ಎಲ್ಲ ಬಣ್ಣ ಹಚ್ಚಿ ಗುರುತು ಮಾಡಿದೆ. ಮರದ ವಿಷಯ ಅಂತ ಫೋನ್ ಬಂದರೆ ಮೊದಲು ಎದ್ದು ನಕ್ಷೆ ನೋಡುತ್ತೇನೆ. ಜನ "ಕೌನ್ಸಿಲ್" ಅಂದಾಗ ಅವರ ಮನಸ್ಸಿನಲ್ಲಿ ಇರುವುದು ಒಂದೇ ಕೌನ್ಸಿಲ್. ಆದರೆ ಈ ಊರಿಗೆ ಮೂರು ಇವೆ. ರಸ್ತೆ ಬದಿಯ ಮರ ಕೌಂಟಿಯದು, ರಕ್ಷಣೆಯ ಆದೇಶ ಡಿಸ್ಟ್ರಿಕ್ಟ್‌ನದು, ಆಟದ ಮೈದಾನ ಮತ್ತು ಊರ ನಡುವಿನ ಹುಲ್ಲು ಬಯಲು ನಮ್ಮದು. ಎತ್ತರದ ಹಸಿರು ಬೇಲಿಯ ತಕರಾರಿಗೂ, ಅಂದರೆ ಎರಡು ಮೀಟರ್ ದಾಟಿದ ನಿತ್ಯಹಸಿರು ಗಿಡಗಳ ಸಾಲಿಗೆ, 2003ರ ಕಾನೂನಿನಲ್ಲಿ ದಾರಿ ಇದೆ, ಅದೂ ನಮ್ಮ ಕೈಯಲ್ಲಿಲ್ಲ. ಅಲ್ಲಿಗೆ ದೂರು ಕೊಡುವ ಮೊದಲು ಪಕ್ಕದವರ ಜೊತೆ ಮಾತಾಡಿ ಬಗೆಹರಿಸಿಕೊಳ್ಳಲು ನೋಡಿರಬೇಕು ಅಂತ ನಿಯಮವೇ ಇದೆ. ಅದು ನನಗೆ ತುಂಬ ಇಷ್ಟವಾದ ನಿಯಮ.

"ಇದು ನಮ್ಮದಲ್ಲ" ಅಂತ ಹೇಳಿ ಫೋನ್ ಇಡೋದು ಸುಲಭ. ನಾನು ಹಾಗೆ ಮಾಡೋದಿಲ್ಲ. ಯಾರದು, ಅಲ್ಲಿ ಯಾವ ವಿಭಾಗ, ಯಾವ ಅರ್ಜಿ, ಎಷ್ಟು ದಿನ ಹಿಡಿಯುತ್ತದೆ ಅಂತ ಹೇಳುತ್ತೇನೆ. ಫೋನ್ ಇಟ್ಟಮೇಲೆ ಅದನ್ನೇ ನಾಲ್ಕು ಸಾಲು ಬರೆದು ಕಳಿಸುತ್ತೇನೆ. "ಕಡಿಸಬಹುದಾ" ಅನ್ನೋ ಪ್ರಶ್ನೆಗೆ ಹೌದು, ಇಲ್ಲ ಎರಡೂ ಹೇಳುವುದಿಲ್ಲ. ಕೊನೆಗೆ ಒಂದು ಪ್ರಶ್ನೆ ನಾನೇ ಕೇಳುತ್ತೇನೆ: "ಪಕ್ಕದವರಿಗೆ ಹೇಳಿದ್ದೀರಾ?" ಇಲ್ಲ ಅನ್ನುವವರೇ ಜಾಸ್ತಿ.

ನಮ್ಮದೇ ಮರದ ವಿಷಯ ಬಂದಾಗ ಇನ್ನೂ ಕಷ್ಟ. ಹುಲ್ಲು ಬಯಲಿನ ಅಂಚಿನಲ್ಲಿ ಒಂದು ದೊಡ್ಡ ಆ್ಯಶ್ ಮರ ಇತ್ತು. ಆ್ಯಶ್ ಮರಗಳಿಗೆ ಇಲ್ಲಿ ಒಂದು ಶಿಲೀಂಧ್ರ ರೋಗ ಬಡಿದಿದೆ, ಬ್ರಿಟನ್ನಿನಲ್ಲಿ ಮೊದಲು ಕಂಡಿದ್ದು 2012ರಲ್ಲಿ. ಉದುರಿದ ಎಲೆಯ ತೊಟ್ಟಿನಲ್ಲಿ ಬೆಳೆದು ಗಾಳಿಯಲ್ಲಿ ಹರಡುತ್ತದೆ. ತುದಿಯಿಂದ ಒಣಗುತ್ತಾ ಬರುತ್ತದೆ, ಮರ ಪೆಡಸಾಗುತ್ತದೆ, ಕೊಂಬೆ ಯಾವಾಗ ಮುರಿಯುತ್ತದೆ ಅಂತ ಹೇಳಲು ಬರುವುದಿಲ್ಲ. ನಮ್ಮ ಮರದ ಕೆಳಗೆ ಮಕ್ಕಳು ಶಾಲೆಗೆ ಹೋಗುವ ದಾರಿ. ನಮ್ಮ ಜಾಗಕ್ಕೆ ಬಂದವರಿಗೆ ಪೆಟ್ಟಾದರೆ ಜವಾಬ್ದಾರಿ ಕೌನ್ಸಿಲ್‌ನದೇ. ಮರ ಪರೀಕ್ಷಿಸುವ ತಜ್ಞರನ್ನು ಕರೆಸಿದೆವು, ತೆಗೆಯಲೇಬೇಕು ಅಂತ ವರದಿ ಕೊಟ್ಟರು.

ಇಷ್ಟಾದರೂ ಅದನ್ನು ಯಾರೋ ಒಬ್ಬ ಸದಸ್ಯರು ನಿರ್ಧರಿಸುವ ಹಾಗಿಲ್ಲ. ಅಧ್ಯಕ್ಷರೇ ಆದರೂ ಒಬ್ಬರೇ ತೀರ್ಮಾನ ಮಾಡುವ ಅಧಿಕಾರ ಇಲ್ಲಿಲ್ಲ. ವಿಷಯ ಅಜೆಂಡಾದಲ್ಲಿ ಬರಬೇಕು. ಸಭೆಗೆ ಮೂರು ಪೂರ್ತಿ ದಿನ ಮೊದಲು ಅದು ನೋಟಿಸ್ ಬೋರ್ಡಿನಲ್ಲಿ ಇರಬೇಕು. ಅಂಟಿಸಿದ ದಿನ, ಸಭೆಯ ದಿನ, ಭಾನುವಾರ, ಸಾರ್ವಜನಿಕ ರಜೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಸುಮ್ನೆ ಕಾಗದದ ಕೆಲಸ ಅಂತ ಸೇರಿದ ಹೊಸದರಲ್ಲಿ ಅಂದುಕೊಂಡಿದ್ದೆ. ಬೀಚ್ ಮರದ ಸಂಗತಿ ಆದಮೇಲೆ ಅರ್ಥವಾಯಿತು. ಆ ಮೂರು ದಿನ ಇರುವುದೇ ಯಾರೂ ನಿದ್ದೆಯಿಂದ ಎದ್ದು ಗರಗಸದ ಸದ್ದು ಕೇಳಬಾರದು ಅಂತ.

ಆ್ಯಶ್ ಮರಕ್ಕೆ ಮೂರು ದಿನ ಸಾಲದು ಅನ್ನಿಸಿತು. ಠರಾವು ಆದಮೇಲೆ ಮರಕ್ಕೇ ಒಂದು ಕಾಗದ ಕಟ್ಟಿದೆವು. ಯಾಕೆ ತೆಗೆಯುತ್ತಿದ್ದೇವೆ, ಯಾವತ್ತು, ಏನಾದರೂ ಕೇಳಬೇಕಿದ್ದರೆ ಶನಿವಾರ ಬೆಳಿಗ್ಗೆ ಕ್ಲರ್ಕ್ ಇಲ್ಲೇ ಇರುತ್ತಾರೆ ಅಂತ ಬರೆದೆ. ಎರಡು ಶನಿವಾರ ವರದಿ ಕೈಯಲ್ಲಿ ಹಿಡಿದು ಆ ಮರದ ಕೆಳಗೆ, ಅಂದರೆ ಕೊಂಬೆ ಬೀಳದಷ್ಟು ದೂರದಲ್ಲಿ, ನಿಂತೆ. ಮೊದಲ ದಿನ ಬಂದವರಲ್ಲಿ ಅರ್ಧ ಜನ ಸಿಟ್ಟಿನಲ್ಲೇ ಬಂದಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಹತ್ತಿರದ, ದೇಶಕ್ಕೆಲ್ಲ ಹೆಸರಾಗಿದ್ದ ಸಿಕಮೋರ್ ಗ್ಯಾಪ್ ಮರವನ್ನು ರಾತ್ರೋರಾತ್ರಿ ಕಡಿದು ಹಾಕಿದ್ದರು, 2023 ಅದು. ಇಡೀ ದೇಶ ಅತ್ತುಬಿಟ್ಟಿತ್ತು. ಅಂಥ ಸಮಯದಲ್ಲಿ ಮರ ಕಡಿಯುತ್ತೇವೆ ಅಂತ ಕಾಗದ ಕಟ್ಟಿದರೆ ಜನಕ್ಕೆ ಹೇಗಾಗಬೇಡ! ನಾನು ವಾದ ಮಾಡಲಿಲ್ಲ. ತುದಿಯ ಒಣಗಿದ ಕೊಂಬೆ ತೋರಿಸಿದೆ, ಕೆಳಗೆ ಬಿದ್ದಿದ್ದ ಒಂದು ರೆಂಬೆ ಎತ್ತಿ ಅವರ ಕೈಗೇ ಕೊಟ್ಟೆ. ಬಗ್ಗಿಸಿದರೆ ಬಗ್ಗದೆ ಚಟ್ ಅಂತ ಮುರಿಯುತ್ತಿತ್ತು. ಒಬ್ಬ ಅಜ್ಜಿ ಅದನ್ನು ಮುರಿದು ನೋಡಿ, ಏನೂ ಹೇಳದೆ, ಮರದ ಕಡೆ ಒಂದು ಸಲ ನೋಡಿ ಹೊರಟುಹೋದರು. ಎರಡನೇ ಶನಿವಾರ ಬಂದವರು ಕೇಳಿದ್ದು ಬೇರೆ ಪ್ರಶ್ನೆ. ಆ ಜಾಗದಲ್ಲಿ ಯಾವ ಮರ ನೆಡುತ್ತೀರಿ, ಬುಡದ ಕಡೆಯ ಕಾಂಡವನ್ನಾದರೂ ಹುಳಹುಪ್ಪಟೆಗೆ, ಮರಕುಟಿಗಕ್ಕೆ ಅಂತ ಬಿಡಬಹುದಾ ಅಂತ. ಕೊನೆಗೆ ಕೆಳಗಿನ ಸ್ವಲ್ಪ ಕಾಂಡ ಬಿಟ್ಟೆವು. ಪಕ್ಕದಲ್ಲಿ ಓಕ್ ಸಸಿ ನೆಟ್ಟೆವು.

ಎಲ್ಲ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಹುಡುಗರು ರಾತ್ರಿ ಕೂತು ಗಲಾಟೆ ಮಾಡುತ್ತಾರೆ ಅಂತ ಆಟದ ಮೈದಾನದ ಬೆಂಚು ತೆಗೆಸಿ ಅನ್ನುವವರು ಇದ್ದಾರೆ. ಅದೇ ಬೆಂಚಿಲ್ಲದೆ ಅಂಗಡಿಯಿಂದ ಮನೆವರೆಗೆ ಒಂದೇ ಉಸಿರಿಗೆ ನಡೆಯಲಾಗದ ವಯಸ್ಸಾದವರೂ ಇದ್ದಾರೆ. ಮೂರು ಸಭೆ ಆಯಿತು. ಬೆಂಚು ಅಲ್ಲೇ ಇದೆ, ತಕರಾರೂ ಇದೆ.

ಇನ್ನು ಬೀಚ್ ಮರದ ಇಬ್ಬರು. ರಾಜಿ ಆದರು ಅಂತ ಹೇಳಲಾರೆ. ಸಭೆಗೆ ಬಂದರೆ ಈಗಲೂ ದೂರ ದೂರ ಕೂರುತ್ತಾರೆ. ಮರ ಕಡಿದ ಕಡೆ ಎಳೆ ಚಿಗುರು ಬಂದಿದೆ.

ಹೋದ ತಿಂಗಳು ಡಿಸ್ಟ್ರಿಕ್ಟ್ ಕೌನ್ಸಿಲ್‌ನಿಂದ ಮರಗಳ ಕೆಲಸದ ಹೊಸ ನೋಟಿಸುಗಳು ಬಂದವು, ಪ್ಯಾರಿಷ್ ಕೌನ್ಸಿಲ್ ಏನಾದರೂ ಹೇಳುವುದಿದೆಯಾ ಅಂತ ಅವರು ನಮ್ಮನ್ನು ಕೇಳುತ್ತಾರೆ. ಅದರಲ್ಲಿ ಒಂದು ಆ ಹಿರಿಯರದು. ಅವರದೇ ಹಿತ್ತಲಿನ ಬರ್ಚ್ ಮರ, ಎರಡು ಕೊಂಬೆ ಕಡಿಸಬೇಕಂತೆ. ಮರದ ಜಾಗಕ್ಕೆ ಕೈಯಲ್ಲೇ ನಕ್ಷೆ ಬರೆದಿದ್ದರು, ಅಳತೆ ಸರಿಯಾಗಿ ಹಾಕಿದ್ದರು. ಕೆಳಗೆ, ಬೇರೆ ಏನಾದರೂ ತಿಳಿಸುವುದಿದ್ದರೆ ಬರೆಯಿರಿ ಅನ್ನೋ ಜಾಗದಲ್ಲಿ, ಒಂದು ಸಾಲು ಇತ್ತು: ಪಕ್ಕದ ಮನೆಯವರಿಗೆ ಪತ್ರ ಬರೆದು ಹೇಳಿದ್ದೇನೆ, ಅವರ ರಾತ್ರಿ ಪಾಳಿ ಇಲ್ಲದ ವಾರದಲ್ಲಿ ಕೆಲಸ ಇಟ್ಟುಕೊಳ್ಳುತ್ತೇನೆ.

ಅದನ್ನು ಮುಂದಿನ ಸಭೆಯ ಅಜೆಂಡಾಗೆ ಹಾಕಿದೆ, ಏಳನೇ ವಿಷಯ.