ಪಟ್ಟಿ ಬಿಚ್ಚಿದ ಬೆಳಗ್ಗೆ ಕಣ್ಣು ಹೇಳುವುದು

ಪೊರೆ ಆಪರೇಷನ್ ಆದ ಮರುದಿನ ಬೆಳಗ್ಗೆ ಸಾಲಾಗಿ ಕೂತವರ ಪಟ್ಟಿ ಬಿಚ್ಚುತ್ತಾ "ಯಜಮಾನ್ರೇ, ಇದು ಎಷ್ಟು ಬೆರಳು?" ಎಂದು ಕೇಳುವುದು ಎಲ್ಲ ವಾರ್ಡುಗಳಲ್ಲೂ ರೂಢಿ. ಸರಿಯಾಗಿ ಎಣಿಸಿದರೆ ಎಲ್ಲರಿಗೂ ಖುಷಿ. ಆದರೆ ನಿನ್ನೆ ಟೇಬಲ್ ಮೇಲೆ ಯಾವ ಹಂತದಲ್ಲಿ ಕೈ ತಪ್ಪಿತು ಅನ್ನುವುದು ಬೆರಳು ಎಣಿಸಿದರೆ ಗೊತ್ತಾಗುವುದಿಲ್ಲ, ಸ್ಲಿಟ್ ಲ್ಯಾಂಪಿಗೆ (ತೆಳು ಬೆಳಕಿನ ಗೆರೆ ಬಿಟ್ಟು ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ಗದ್ದ ಊರಿಸಿ ನೋಡಿದರೆ ಗೊತ್ತಾಗುತ್ತದೆ. ಹೊಸದಾಗಿ ಓಟಿಗೆ ಬಂದ ಡಾಕ್ಟರಿಗೂ ಸಿಸ್ಟರಿಗೂ ಹೇಳುವುದಿಷ್ಟೇ: ಆಪರೇಷನ್ ಕಲಿಯುವ ಜಾಗ ಮೈಕ್ರೋಸ್ಕೋಪಿನ ಕೆಳಗೆ ಎಷ್ಟಿದೆಯೋ ಈ ಬೆಳಗಿನ ರೌಂಡಿನಲ್ಲೂ ಅಷ್ಟೇ ಇದೆ. ಅದಕ್ಕೇ ಇಲ್ಲಿ ಮರುದಿನ ಕಂಡದ್ದರಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕುವ ಕ್ರಮ ಇಟ್ಟುಕೊಂಡಿದ್ದೇವೆ.

ಹೇಳುತ್ತಿರುವುದು ಹೆಚ್ಚಾಗಿ ಎಸ್‌ಐಸಿಎಸ್ ಬಗ್ಗೆ, ಅಂದರೆ ಹೊಲಿಗೆ ಇಲ್ಲದ ಸಣ್ಣ ಗಾಯದ ಆಪರೇಷನ್. ಶಿಬಿರದಿಂದ ಬರುವ ಕಣ್ಣುಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ಪೊರೆ, ಹಾಲಿನಂತೆ ಬೆಳ್ಳಗಾದ ಪೊರೆ ಜಾಸ್ತಿ. ಅವಕ್ಕೆ ಇದೇ ಸುರಕ್ಷಿತ. ಫೇಕೋದಲ್ಲಿ, ಅಂದರೆ ಅಲ್ಟ್ರಾಸೌಂಡ್ ಮೆಷಿನ್ನಿನಿಂದ ಪೊರೆ ಪುಡಿಮಾಡಿ ಹೀರುವ ಆಪರೇಷನ್ನಿನಲ್ಲಿ, ಗಾಯ 2.2ರಿಂದ 2.8 ಮಿ.ಮೀ. ಮಾತ್ರ, ಮಡಚುವ ಲೆನ್ಸ್ ಒಳಗೆ ಹೋಗುತ್ತದೆ, ನೋಟ ಬೇಗ ನೆಲೆಗೊಳ್ಳುತ್ತದೆ. ಆದರೆ ಗಟ್ಟಿ ನ್ಯೂಕ್ಲಿಯಸ್ಸಿಗೆ (ಪೊರೆಯ ನಡುವಿನ ತಿರುಳು) ಅಲ್ಟ್ರಾಸೌಂಡ್ ಹೆಚ್ಚು ಹೊತ್ತು ಕೊಟ್ಟಷ್ಟೂ ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಪೆಟ್ಟು. ಫೇಕೋ ತುದಿಯಲ್ಲಿ ವಿಸ್ಕೋ (ಆಪರೇಷನ್ ವೇಳೆ ಕಣ್ಣಿನೊಳಗೆ ತುಂಬುವ ಜೆಲ್ಲಿ) ಕಟ್ಟಿಕೊಂಡು ನೀರು ಹರಿಯದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗಾಯ ಸುಟ್ಟು ಬೆಳ್ಳಗಾಗುತ್ತದೆ. ನೇಪಾಳದಲ್ಲಿ 108 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಕನ್ನಡಕ ಹಾಕಿದಾಗ ಎರಡೂ ಗುಂಪಿನ ನೂರಕ್ಕೆ 98 ಮಂದಿಗೆ 6/18 (ಒಳ್ಳೆಯ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಅದಕ್ಕಿಂತ ಒಳ್ಳೆಯ ನೋಟ ಬಂದಿತ್ತು. ಮೆಷಿನ್ ಇಲ್ಲ ಎಂದು ಕೀಳರಿಮೆ ಬೇಡ.

ಎಸ್‌ಐಸಿಎಸ್ಸಿನಲ್ಲಿ ಎಲ್ಲವೂ ನಿಂತಿರುವುದು ಟನಲ್ ಮೇಲೆ, ಅಂದರೆ ಬಿಳಿಗುಡ್ಡೆಯ ಪದರದೊಳಗೆ ಕೊರೆಯುವ ಸುರಂಗದ ಮೇಲೆ. ಬಿಳಿಗುಡ್ಡೆಯ ಮೇಲೆ, ಲಿಂಬಸ್ಸಿನಿಂದ (ಬಿಳಿಗುಡ್ಡೆ ಕಾರ್ನಿಯಾಕ್ಕೆ ಸೇರುವ ಅಂಚು) 1.5ರಿಂದ 2 ಮಿ.ಮೀ. ಹಿಂದೆ, ಮುನಿಸಿಕೊಂಡು ಬಾಗಿದ ತುಟಿಯ ಆಕಾರದಲ್ಲಿ 6ರಿಂದ 6.5 ಮಿ.ಮೀ. ಗೆರೆ; ಗಟ್ಟಿ ಪೊರೆಯಾದರೆ 7 ಮಿ.ಮೀ. ಆಳ ಬಿಳಿಗುಡ್ಡೆಯ ದಪ್ಪದ ಸುಮಾರು ಅರ್ಧ. ಅಲ್ಲಿಂದ ಕ್ರೆಸೆಂಟ್ ಬ್ಲೇಡನ್ನು (ಅರ್ಧಚಂದ್ರಾಕಾರದ ಸಣ್ಣ ಚಾಕು) ಅಡ್ಡಡ್ಡ ಆಡಿಸುತ್ತಾ ಪಾರದರ್ಶಕ ಕಾರ್ನಿಯಾದೊಳಗೆ 1ರಿಂದ 1.5 ಮಿ.ಮೀ.ವರೆಗೆ ತಳ್ಳಬೇಕು. ಹೋಗುವಾಗ ಬ್ಲೇಡಿನ ನೆರಳು ಮೇಲಿನ ಪದರದ ಮೂಲಕ ಮಸುಕಾಗಿ ಕಾಣುತ್ತಿರಬೇಕು. ತೀರಾ ಸ್ಪಷ್ಟವಾಗಿ ಕಂಡರೆ ಪದರ ತೆಳುವಾಯಿತು, ಇನ್ನೇನು ಚಾವಣಿ ತೂತಾಗುತ್ತದೆ. ಕಾಣಿಸದೇ ಹೋದರೆ ಆಳಕ್ಕಿಳಿದಿದ್ದೀರಿ, ಕಾರ್ನಿಯಾ ತಲುಪುವ ಮೊದಲೇ ಚೇಂಬರಿಗೆ (ಕಾರ್ನಿಯಾದ ಹಿಂದಿನ ನೀರಿನ ಜಾಗ) ಬಿದ್ದು ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಹೊರಗೆ ಬರುತ್ತದೆ. ಕಾರ್ನಿಯಾ ಹತ್ತಿರ ಬಂದಾಗ ಗುಡ್ಡೆಯ ಬಾಗು ಬದಲಾಗುತ್ತದೆ, ಆಗ ಬ್ಲೇಡಿನ ಹಿಮ್ಮಡಿ ಸ್ವಲ್ಪ ತಗ್ಗಿಸಿ ತುದಿ ಎತ್ತಬೇಕು. ಕಲಿಯುವವರು ಎಡವುವುದು ಬಹುಪಾಲು ಈ ತಿರುವಿನಲ್ಲೇ. ತೂತಾದರೆ ಅದೇ ದಾರಿಯಲ್ಲಿ ಹಠ ಹಿಡಿಯದೆ ಇನ್ನೊಂದು ತುದಿಯಿಂದ ಸ್ವಲ್ಪ ಆಳದ ಪದರ ಹಿಡಿಯಿರಿ. ಬೇಗ ಒಳಹೊಕ್ಕಿದ್ದರೆ ಇನ್ನೊಂದು ಬದಿಯಲ್ಲಿ ಮೇಲಿನ ಪದರ ಹಿಡಿದು ಮುಗಿಸಿ, ಕೊನೆಗೆ 10-0 ನೈಲಾನ್ ಹೊಲಿಗೆ ಹಾಕಿ. ಹೊಲಿಗೆ ಹಾಕಿದ್ದಕ್ಕೆ ನಾಚಿಕೆಪಡುವವರಿದ್ದಾರೆ. ಮರುದಿನ ಸೋರುವ ಗಾಯಕ್ಕಿಂತ ಅದು ವಾಸಿ. ಒಳಬಾಯಿ ಹೊರಬಾಯಿಗಿಂತ ಅಗಲವಾಗಿ, 7ರಿಂದ 8 ಮಿ.ಮೀ. ಇರಬೇಕು.

ಒಳಬಾಯಿ ಕಿರಿದಾದದ್ದು ಬೆಳಗ್ಗೆ ಹೇಗೆ ಗೊತ್ತಾಗುತ್ತದೆ? ಕಾರ್ನಿಯಾದ ಮೇಲಿನ ಅರ್ಧ ಮಾತ್ರ ಮಂಜು ಕವಿದಂತೆ, ಒಳಗೆ ಸುಕ್ಕುಗೆರೆಗಳು. ನ್ಯೂಕ್ಲಿಯಸ್ ಹೊರಗೆಳೆಯುವಾಗ ಕಾರ್ನಿಯಾದ ಒಳಗೋಡೆಗೆ ಉಜ್ಜಿಕೊಂಡು ಬಂದಿದೆ. ಅಲ್ಲಿನ ಎಂಡೋಥೀಲಿಯಲ್ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಉಳಿದವು ಹರಡಿಕೊಂಡು ಜಾಗ ತುಂಬುತ್ತವೆ ಅಷ್ಟೇ. ಆದ್ದರಿಂದ ನ್ಯೂಕ್ಲಿಯಸ್ಸಿನ ಮೇಲೂ ಕೆಳಗೂ ವಿಸ್ಕೋ ತುಂಬಿದ ಮೇಲೆಯೇ ವೆಕ್ಟಿಸ್ (ನೀರು ಬಿಡುತ್ತಾ ನ್ಯೂಕ್ಲಿಯಸ್ ಹೊರತರುವ ಸೌಟಿನಂಥ ಉಪಕರಣ) ಒಳಗೆ ಹೋಗಬೇಕು. ವೆಕ್ಟಿಸ್ ನ್ಯೂಕ್ಲಿಯಸ್ಸಿನ ಕೆಳಗೆ, ಐರಿಸ್ಸಿನ ಮೇಲೆ ಕೂತಿದೆ ಎಂದು ಖಾತ್ರಿಯಾದ ಮೇಲೆ ನೀರು ಬಿಡಿ, ಟನಲ್ಲಿನ ಕೆಳತುಟಿಯನ್ನು ಒತ್ತಿ. ನ್ಯೂಕ್ಲಿಯಸ್ ತಾನೇ ಜಾರಿ ಬರಬೇಕು. ಜೋರು ಬೇಕಾಯಿತು ಅಂದರೆ ಬಾಯಿ ಸಾಲದು, ಕೆರಟೋಮ್ (ಒಳಬಾಯಿ ಕೊಯ್ಯುವ ಚೂಪು ಬ್ಲೇಡ್) ತೆಗೆದುಕೊಂಡು ಅಗಲ ಮಾಡಿ. ಎದುರುಬದಿಯ ಐರಿಸ್ ವೆಕ್ಟಿಸ್ಸಿಗೆ ಸಿಕ್ಕಿ ಬುಡದಿಂದ ಕಿತ್ತು ಬರುವುದೂ ಈ ಅವಸರದಲ್ಲೇ.

ಇಂಥ ಮಂಜಿಗೆ ಪ್ರೆಡ್ನಿಸೊಲೋನ್ ಅಸಿಟೇಟ್ 1% ಗಂಟೆಗೊಮ್ಮೆ, ಸೋಡಿಯಂ ಕ್ಲೋರೈಡ್ 5% ಡ್ರಾಪ್ಸ್ ದಿನಕ್ಕೆ ನಾಲ್ಕಾರು ಸಲ. ಬಹುತೇಕ ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಆಗದಿದ್ದರೆ ಸ್ಲಿಟ್ಟನ್ನು ತೆಳ್ಳಗೆ ಮಾಡಿ ಮತ್ತೆ ನೋಡಿ: ಹಿಂಬದಿಯಲ್ಲಿ ಎರಡನೇ ಗೆರೆ ತೇಲುತ್ತಿದ್ದರೆ ಅದು ಡೆಸಿಮೆಟ್ ಪದರ (ಕಾರ್ನಿಯಾದ ಒಳಮೈಯ ತೆಳು ಹಾಳೆ) ಕಳಚಿದ್ದು. ಅದಕ್ಕೆ ಡ್ರಾಪ್ಸ್ ಸಾಲದು, ಚೇಂಬರಿನೊಳಗೆ ಗಾಳಿ ಅಥವಾ ಗ್ಯಾಸ್ ತುಂಬಿ ಅಂಟಿಸಬೇಕು.

ಮಂಜು ಒಂದು ಬದಿಗಲ್ಲದೆ ಲಿಂಬಸ್ಸಿನಿಂದ ಲಿಂಬಸ್ಸಿಗೆ ಪೂರ್ತಿ ಹರಡಿದ್ದರೆ ಕೈಯನ್ನು ದೂರಬೇಡಿ, ಸ್ಟೆರಿಲೈಸೇಷನ್ ಕೋಣೆಗೆ ಹೋಗಿ. ಇದು ಟಾಸ್: ಸೋಂಕಲ್ಲ, ವಿಷದ ಉರಿಯೂತ. 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ, ನೋವು ಕಡಿಮೆ. ಒಂದೇ ದಿನ ಮೂರು ನಾಲ್ಕು ಕಣ್ಣು ಹೀಗಾದರೆ ಕಾರಣ ಸಾಮಾನ್ಯವಾಗಿ ಉಪಕರಣ ತೊಳೆದ ಡಿಟರ್ಜೆಂಟ್, ಸಿಮ್ಕೋ ಕ್ಯಾನುಲಾದೊಳಗೆ (ಕಣ್ಣಿನೊಳಗೆ ನೀರು ಬಿಟ್ಟು ಹೀರುವ ಜೋಡಿ ಕೊಳವೆ) ಒಣಗಿದ ವಿಸ್ಕೋ, ಅಥವಾ ಒಳಗೆ ಹೋಗಬಾರದ ಔಷಧಿ. ಕ್ಯಾನುಲಾವನ್ನು ಕೇಸ್ ಮುಗಿದ ತಕ್ಷಣ, ವಿಸ್ಕೋ ಒಣಗುವ ಮುನ್ನ, ಡಿಸ್ಟಿಲ್ಡ್ ವಾಟರಿನಿಂದ ಸಿರಿಂಜ್ ಒತ್ತಿ ತೊಳೆಯಬೇಕು; ಸಂಜೆ ಒಟ್ಟಿಗೆ ತೊಳೆಯೋಣ ಅಂದರೆ ಆಗಲಿಲ್ಲ. ಒಣಗಿದ್ದನ್ನು ಆಟೋಕ್ಲೇವ್ ಕರಗಿಸುವುದಿಲ್ಲ. ಚೇಂಬರಿಗೆ ಹಾಕುವ ಮಾಕ್ಸಿಫ್ಲಾಕ್ಸಸಿನ್ 0.5%, 0.1 ಮಿ.ಲೀ., ಪ್ರಿಸರ್ವೇಟಿವ್ ಇಲ್ಲದ್ದೇ ಇರಬೇಕು. ಮಾಕ್ಸಿ ಡ್ರಾಪ್ಸ್ ಬಾಟಲಿಗಳೆಲ್ಲ ಒಂದೇ ಅಲ್ಲ, ಅಂಟು ಪದಾರ್ಥ ಸೇರಿಸಿದವೂ ಇವೆ. ಕಣ್ಣಿಗೆ ಹಾಕುವ ಬೀಟಾಡಿನ್ 5%, ಮೂರು ನಿಮಿಷ; ಪಕ್ಕದಲ್ಲೇ ಇರುವ 7.5% ಸ್ಕ್ರಬ್ಬಿನಲ್ಲಿ ಸೋಪಿನಂಥ ಪದಾರ್ಥ ಇರುವುದರಿಂದ ಅದು ಕಣ್ಣಿಗೆ ಬಿದ್ದರೆ ಕಾರ್ನಿಯಾ ಕೆಡುತ್ತದೆ. ಎರಡು ಬಾಟಲಿಯನ್ನು ಒಂದೇ ಟ್ರಾಲಿಯಲ್ಲಿ ಇಡದಿರುವುದು ಖರ್ಚಿಲ್ಲದ ಉಪಾಯ.

ಸೋಂಕು ಬೇರೆ ದಾರಿಯಲ್ಲಿ ಬರುತ್ತದೆ. ಸಾಮಾನ್ಯವಾಗಿ ಎರಡರಿಂದ ಏಳನೇ ದಿನದೊಳಗೆ: ನಿನ್ನೆ ಚೆನ್ನಾಗಿ ಕಾಣುತ್ತಿದ್ದದ್ದು ಇಂದು ಕಡಿಮೆ, ನೋವು, ಕೆಂಪು, ರೆಪ್ಪೆ ಬಾವು, ಚೇಂಬರಿನ ತಳದಲ್ಲಿ ಕೀವಿನ ಬಿಳಿ ಗೆರೆ. ನೋವಿಲ್ಲ ಎಂದು ಸುಮ್ಮನಿರಬಾರದು, ನಾಲ್ವರಲ್ಲಿ ಒಬ್ಬರಿಗೆ ನೋವೇ ಇರದು. ಅನುಮಾನ ಬಂದ ದಿನವೇ ಒಳಗಿನ ದ್ರವದ ಸ್ಯಾಂಪಲ್ ತೆಗೆದು ವ್ಯಾಂಕೋಮೈಸಿನ್ 1 ಮಿ.ಗ್ರಾಂ ಮತ್ತು ಸೆಫ್ಟಾಜಿಡೈಮ್ 2.25 ಮಿ.ಗ್ರಾಂ, ತಲಾ 0.1 ಮಿ.ಲೀ.ಯಲ್ಲಿ, ಬೇರೆ ಬೇರೆ ಸಿರಿಂಜಿನಿಂದ ಕಣ್ಣುಗುಡ್ಡೆಯ ಒಳಗೆ, ವಿಟ್ರಿಯಸ್ಸಿಗೆ (ಹಿಂಭಾಗದಲ್ಲಿ ತುಂಬಿರುವ ಲೋಳೆ) ಹೋಗಬೇಕು. ಒಂದೇ ಸಿರಿಂಜಿನಲ್ಲಿ ಸೇರಿಸಿದರೆ ಔಷಧಿ ಒಡೆದು ಗಸಿಯಾಗುತ್ತದೆ. ರೆಟಿನಾ ಸರ್ಜನ್ ದೂರದ ಊರಿನಲ್ಲಿದ್ದರೆ ಮೊದಲು ಇಂಜೆಕ್ಷನ್, ಆಮೇಲೆ ಆಂಬುಲೆನ್ಸ್.

ರಾತ್ರಿ ಹತ್ತಕ್ಕೆ ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿ ಆಯಿತು ಎಂದು ವಾರ್ಡಿನಿಂದ ಫೋನ್ ಬಂದರೆ ಗ್ಯಾಸ್ ಮಾತ್ರೆ ಕೊಟ್ಟು ಮಲಗಿಸಬೇಡಿ. ಕಣ್ಣಿನೊಳಗೆ ವಿಸ್ಕೋ ಉಳಿದರೆ ಆರೆಂಟು ಗಂಟೆಯಲ್ಲಿ ಒತ್ತಡ ಏರುತ್ತದೆ. ಅಸಿಟಝೋಲಮೈಡ್ 250 ಮಿ.ಗ್ರಾಂ (ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಕೇಳಿಕೊಂಡು), ಟಿಮೋಲಾಲ್ 0.5% (ದಮ್ಮು ಇದ್ದವರಿಗೆ ಬೇಡ) ಕೊಟ್ಟು ಒತ್ತಡ ಅಳೆಯಿರಿ. ತಪ್ಪಾದದ್ದು ಎಲ್ಲಿ ಅಂದರೆ ಲೆನ್ಸಿನ ಕೆಳಗೆ ತೊಳೆಯದೇ ಬಿಟ್ಟದ್ದು. ಸಿಮ್ಕೋವನ್ನು ಲೆನ್ಸಿನ ಅಂಚಿನಡಿ ಒಮ್ಮೆ ಆಡಿಸಿದರೆ ಸಾಕು, ಮೇಲ್ಮೇಲೆ ತೊಳೆದರೆ ಅರ್ಧ ವಿಸ್ಕೋ ಅಲ್ಲೇ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧ, ಚೇಂಬರ್ ತಗ್ಗಿ ಕಣ್ಣು ಮೆತ್ತಗಿದ್ದರೆ ಫ್ಲೋರೆಸೀನ್ ಕಡ್ಡಿ ಮುಟ್ಟಿಸಿ ನೋಡಿ. ಹಸಿರು ಬಣ್ಣದ ನಡುವೆ ಕಪ್ಪು ತೊರೆ ಹರಿದರೆ ಟನಲ್ ಸೋರುತ್ತಿದೆ.

ಪಾಪೆ ದುಂಡಗಿಲ್ಲದೆ ಗಾಯದ ಕಡೆಗೆ ಮಾವಿನಕಾಯಿಯ ಮೂತಿಯಂತೆ ಎಳೆದಿದ್ದರೆ ಹಿಂದಿನ ಕ್ಯಾಪ್ಸೂಲ್ (ಲೆನ್ಸ್ ಕೂರುವ ತೆಳು ಚೀಲದ ಹಿಂಗೋಡೆ) ಒಡೆದು ವಿಟ್ರಿಯಸ್ ಎಳೆ ಸಿಕ್ಕಿಕೊಂಡಿದೆಯೇ ಎಂದು ಅನುಮಾನಿಸಿ. ಆ ಕ್ಯಾಪ್ಸೂಲ್ ನಡುವೆ ಸುಮಾರು 4 ಮೈಕ್ರಾನ್ ದಪ್ಪ. ಸಿಮ್ಕೋ ಬಾಯಿ ಸದಾ ಮೇಲ್ಮುಖವಾಗಿರಬೇಕು ಅನ್ನುವುದು ಅದಕ್ಕೇ. ಒಂದು ಬಿಂದುವಿನಿಂದ ಜೇಡರ ಬಲೆಯಂತೆ ಗೆರೆಗಳು ಹೊರಟವು ಅಂದರೆ ಕ್ಯಾಪ್ಸೂಲ್ ಹಿಡಿದಿದ್ದೀರಿ, ಎಳೆಯದೆ ಸಿರಿಂಜ್ ಒತ್ತಿ, ಹೀರಿದ ನೀರನ್ನು ಹಿಂದಕ್ಕೆ ಬಿಟ್ಟು ಬಿಡಿಸಿ. ಗಡಿಯಾರದ ಹನ್ನೆರಡು ಗಂಟೆಯ ಜಾಗದ ಕಾರ್ಟೆಕ್ಸಿಗೆ (ನ್ಯೂಕ್ಲಿಯಸ್ ತೆಗೆದ ಮೇಲೆ ಉಳಿಯುವ ಮೆತ್ತನೆಯ ಭಾಗ) ಟನಲ್ ಮೂಲಕ ಗುದ್ದಾಡುವ ಬದಲು ಸೈಡ್ ಪೋರ್ಟಿನಿಂದ (ಪಕ್ಕದ ಸಣ್ಣ ರಂಧ್ರ) ಹೋಗಿ.

ಐರಿಸ್ ಟೇಬಲ್ ಮೇಲೆ ಬಟ್ಟೆಯಂತೆ ಅಲೆಯಾಡಿತು, ಪಾಪೆ ಕುಗ್ಗುತ್ತಾ ಹೋಯಿತು ಅಂದರೆ ಅಜ್ಜನ ಮಾತ್ರೆ ಚೀಟಿ ನೋಡಿ, ಹೆಚ್ಚಾಗಿ ಪ್ರಾಸ್ಟೇಟಿನ ಟ್ಯಾಮ್ಸುಲೋಸಿನ್ ಇರುತ್ತದೆ. 2005ರಲ್ಲೇ ವರದಿಯಾದ ವಿಷಯ. ಮಾತ್ರೆ ನಿಲ್ಲಿಸಿದರೂ ಪರಿಣಾಮ ಹೋಗುವುದಿಲ್ಲ. "ಬಿಪಿ ಶುಗರ್ ಇದೆಯಾ?" ಎಂದು ಕೇಳುವಾಗಲೇ "ಮೂತ್ರಕ್ಕೆ ಏನಾದರೂ ಮಾತ್ರೆ ತಗೊಳ್ತೀರಾ ಅಜ್ಜಾ?" ಎಂದು ಸೇರಿಸಿಕೊಂಡರೆ ಮುಂದಾಗುವ ಗಾಬರಿ ತಪ್ಪುತ್ತದೆ.

ಎಲ್ಲ ಸ್ವಚ್ಛ, ಕಾರ್ನಿಯಾ ಗಾಜಿನಂತಿದೆ, ಆದರೂ ದೂರದ ನೋಟ 6/60. ಕಣ್ಣಿನ ಮುಂದೆ ಸೂಜಿರಂಧ್ರದ ಬಿಲ್ಲೆ ಇಟ್ಟರೆ 6/12ಕ್ಕೆ ಏರುತ್ತದೆ. ಕಾರಣ ಓಟಿಯಲ್ಲಿಲ್ಲ, ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಕೋಣೆಯಲ್ಲಿದೆ. ಕಣ್ಣಿನ ಉದ್ದ 1 ಮಿ.ಮೀ. ತಪ್ಪಿದರೆ ಲೆನ್ಸಿನ ಪವರ್ ಸುಮಾರು 2.5 ಡಯಾಪ್ಟರ್ ತಪ್ಪುತ್ತದೆ. ಪ್ರೋಬನ್ನು ಕಾರ್ನಿಯಾಕ್ಕೆ ಒತ್ತಿ ಹಿಡಿದರೆ ಕಣ್ಣು ಗಿಡ್ಡವಾಗಿ ಅಳತೆಗೆ ಬರುತ್ತದೆ, ಬೇಕಾದ್ದಕ್ಕಿಂತ ಹೆಚ್ಚಿನ ಪವರ್ ಕೂರುತ್ತದೆ, ರೋಗಿಗೆ ಹತ್ತಿರ ಕಾಣುತ್ತದೆ, ದೂರ ಇಲ್ಲ. ಎರಡೂ ಕಣ್ಣು ಅಳೆಯಿರಿ, ವ್ಯತ್ಯಾಸ 0.3 ಮಿ.ಮೀ. ದಾಟಿದರೆ ಮತ್ತೆ ಅಳೆಯಿರಿ.

ಮನೆಗೆ ಕಳಿಸುವಾಗ ಡ್ರಾಪ್ಸ್ ಬಗ್ಗೆ ಹೇಳುವ ಎರಡು ನಿಮಿಷ ಉಳಿದೆಲ್ಲಕ್ಕಿಂತ ಮುಖ್ಯ. ಪ್ರೆಡ್ನಿಸೊಲೋನ್ ಅಸಿಟೇಟ್ ಕರಗಿದ ಔಷಧಿಯಲ್ಲ, ಬಿಳಿ ಪುಡಿ ತೇಲಿಸಿದ್ದು. ನಿಂತಲ್ಲೇ ತಳಕ್ಕಿಳಿಯುತ್ತದೆ. ಕುಲುಕದೆ ಹಾಕಿದರೆ ಮೊದಲ ಎರಡು ವಾರ ಬರೀ ನೀರು, ಕೊನೆಯ ವಾರ ಗಟ್ಟಿ ಔಷಧಿ. ಬಾಟಲಿಯನ್ನು ರೋಗಿಯ ಕೈಗೆ ಕೊಟ್ಟು ಕುಲುಕಿಸಿ ತೋರಿಸಬೇಕು. ದಿನಕ್ಕೆ ಆರು ಸಲದಿಂದ ಶುರುಮಾಡಿ ವಾರಕ್ಕೊಂದರಂತೆ ಇಳಿಸುತ್ತಾ ಆರು ವಾರ. ಆ್ಯಂಟಿಬಯಾಟಿಕ್ ದಿನಕ್ಕೆ ನಾಲ್ಕು ಸಲ, ಒಂದೆರಡು ವಾರ. ಎರಡು ಡ್ರಾಪ್ಸ್ ನಡುವೆ ಐದು ನಿಮಿಷ. ಓದಲು ಬಾರದವರಿಗೆ ಬಾಟಲಿಗೆ ಬಣ್ಣದ ಟೇಪ್ ಸುತ್ತಿ, ಚೀಟಿಯಲ್ಲಿ ಅದೇ ಬಣ್ಣದ ಗೆರೆಗಳನ್ನು ಎಳೆದುಕೊಡಿ. ಹಾಕುವವರು ಸೊಸೆಯೋ ಮೊಮ್ಮಗಳೋ ಆದರೆ ಅವರಿಗೇ ಕಲಿಸಿ: ಕೈ ತೊಳೆದು, ಕೆಳರೆಪ್ಪೆ ಎಳೆದು, ಆ ಜೇಬಿಗೆ ಒಂದೇ ಹನಿ, ಬಾಟಲಿ ಮೂತಿ ರೆಪ್ಪೆಗೆ ತಾಗದಂತೆ.

ಒಂದು ವಾರ ತಲೆಗೆ ನೀರು ಬೇಡ, ಕತ್ತಿನಿಂದ ಕೆಳಗೆ ಸ್ನಾನ ಮಾಡಬಹುದು. ರಾತ್ರಿ ಶೀಲ್ಡ್ ಕಟ್ಟಿ ಮಲಗಬೇಕು. ಕೊಡಪಾನ, ಹುಲ್ಲಿನ ಹೊರೆ ಒಂದು ತಿಂಗಳು ಬೇರೆಯವರು ಹೊರಲಿ. ಕೊಟ್ಟಿಗೆ ಗುಡಿಸುವುದೂ ಒಲೆ ಊದುವುದೂ ಹಾಗೆಯೇ. ಮಲಬದ್ಧತೆ, ಕೆಮ್ಮು ಇದ್ದರೆ ಆಪರೇಷನ್ನಿಗೆ ಮುಂಚೆಯೇ ಹೇಳಲಿ. ನಂಜು ಎಂದು ಬದನೆಕಾಯಿ, ಕಡಲೆಕಾಯಿ ಬಿಡಿಸುವ ಮನೆಗಳಿವೆ. ಕಣ್ಣಿಗೂ ಬದನೆಕಾಯಿಗೂ ಸಂಬಂಧವಿಲ್ಲ, ಪಥ್ಯದ ಹೆಸರಲ್ಲಿ ಊಟ ಬಿಟ್ಟು ಶುಗರ್ ಇಳಿಸಿಕೊಂಡು ಬೀಳುವುದೇ ಅಪಾಯ. ಆದರೆ ಎದೆಹಾಲು, ಹರಳೆಣ್ಣೆ ಕಣ್ಣಿಗೆ ಬಿಡುವುದನ್ನು ಮಾತ್ರ ಸ್ಪಷ್ಟವಾಗಿ, ಹೆಸರು ಹಿಡಿದೇ ಬೇಡವೆನ್ನಬೇಕು. "ಬೇರೆ ಏನೂ ಹಾಕಬೇಡಿ" ಅಂದರೆ ಎಣ್ಣೆ ಅವರ ಲೆಕ್ಕದಲ್ಲಿ "ಬೇರೆ" ಅಲ್ಲ.

"ಇನ್ನೂ ಹಣ್ಣಾಗಿಲ್ಲ, ಮುಂದಿನ ವರ್ಷ ನೋಡೋಣ" ಎಂದು ಎರಡನೇ ಕಣ್ಣನ್ನು ಮುಂದೂಡುವವರಿಗೆ, ಅದು ಲೆನ್ಸ್ ಹಾಕದೆ ಪೊರೆ ತೆಗೆದು +10ರ ದಪ್ಪ ಕನ್ನಡಕ ಕೊಡುತ್ತಿದ್ದ ಕಾಲದ ಮಾತು ಎಂದು ತಿಳಿಸಿ. ಹಣ್ಣಾದಷ್ಟೂ ನ್ಯೂಕ್ಲಿಯಸ್ ಗಟ್ಟಿ, ಟನಲ್ ಅಗಲ, ಮೇಲೆ ಹೇಳಿದ ಮಂಜು ಹೆಚ್ಚು.

ಕನ್ನಡಕದ ಪವರ್ ಫೇಕೋದಲ್ಲಿ ನಾಲ್ಕನೇ ವಾರ, ಎಸ್‌ಐಸಿಎಸ್ಸಿನಲ್ಲಿ ಆರನೇ ವಾರ ಬರೆಯಿರಿ. ಅದಕ್ಕೆ ಮುಂಚೆ ಮಾಡಿಸಿದರೆ ಸಿಲಿಂಡರ್ ಪವರ್ (ಕಾರ್ನಿಯಾದ ಅಸಮ ಬಾಗನ್ನು ಸರಿದೂಗಿಸುವ ಪವರ್) ಬದಲಾಗಿ ದುಡ್ಡು ದಂಡ. ಅದೇ ಭೇಟಿಯಲ್ಲಿ ಕಣ್ಣಿನ ಒತ್ತಡ ಅಳೆಯಿರಿ, ಸ್ಟೀರಾಯ್ಡಿಗೆ ಕೆಲವರಿಗೆ ಏರುತ್ತದೆ. ನೋಟ ಮೊದಲು ಚೆನ್ನಾಗಿದ್ದು ಆರನೇ ವಾರ ಇಳಿದಿದ್ದರೆ, ಅದರಲ್ಲೂ ಶುಗರ್ ಇದ್ದವರಲ್ಲಿ, ಮ್ಯಾಕ್ಯುಲಾದಲ್ಲಿ (ರೆಟಿನಾದ ನಡುಭಾಗ) ನೀರು ತುಂಬಿದೆಯೇ ನೋಡಲು ಓಸಿಟಿ (ರೆಟಿನಾದ ಪದರ ತೋರಿಸುವ ಸ್ಕ್ಯಾನ್) ಮಾಡಿಸಿ. ಒಂದೆರಡು ವರ್ಷದ ಮೇಲೆ "ಪೊರೆ ಮತ್ತೆ ಬಂತು" ಎಂದು ಬರುವವರಿಗೆ ಬಂದಿರುವುದು ಪೊರೆಯಲ್ಲ, ಲೆನ್ಸಿನ ಹಿಂದಿನ ಕ್ಯಾಪ್ಸೂಲ್ ಮಸುಕಾಗಿರುತ್ತದೆ. ಯಾಗ್ ಲೇಸರಿನಿಂದ ನಡುವೆ ಒಂದು ಕಿಟಕಿ ತೆರೆದರೆ ಆಯಿತು; ಪಟ್ಟಿ ಇಲ್ಲ, ಅಡ್ಮಿಷನ್ ಇಲ್ಲ, ಬಂದ ಬಸ್ಸಿನಲ್ಲೇ ವಾಪಸ್ ಹೋಗಬಹುದು.