ಭೈರಾಪುರದಲ್ಲೇ ರಸ್ತೆ ಮುಗಿಯಲಿ

ನಮ್ಮ ಮೂಡಿಗೆರೆ ಕಡೆ ಮಳೆಗಾಲ ಬಂತೆಂದರೆ ಒಂದು ಹಳೇ ಮಾತು ಮತ್ತೆ ಚಿಗುರುತ್ತದೆ. ಕರಾವಳಿಗೆ ಇಳಿಯುವ ಚಾರ್ಮಾಡಿ ಘಾಟಿಯಲ್ಲೋ ಶಿರಾಡಿ ಘಾಟಿಯಲ್ಲೋ ಗುಡ್ಡ ಜರಿಯುತ್ತದೆ, ಲಾರಿಗಳು ಸಾಲುಗಟ್ಟುತ್ತವೆ. ಮರುದಿನವೇ ಯಾರೋ ಒಬ್ಬರು 'ಭೈರಾಪುರ–ಶಿಶಿಲ ರಸ್ತೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತೆ' ಎನ್ನುತ್ತಾರೆ.

ಭೈರಾಪುರ ಘಟ್ಟದ ಮೇಲೆ, ನಮ್ಮ ತಾಲ್ಲೂಕಿನದು. ಶಿಶಿಲ ಘಟ್ಟದ ಕೆಳಗೆ, ಬೆಳ್ತಂಗಡಿಯದು. ನಡುವೆ ಎತ್ತಿನಭುಜ ಅನ್ನುವ ಬೆಟ್ಟ, ಅದರ ಸುತ್ತ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಅನ್ನುವ ಗಿಡ್ಡ ಮರಗಳ ಕಾಡು, ಇಳಿಯುತ್ತಾ ಹೋದಂತೆ ದಟ್ಟ ಕಾಡು. ಆನೆ, ಕಾಟಿ, ಕಡವೆ ಓಡಾಡುವ ಜಾಗ. ವಾಹನ ಇಳಿಯುವ ದಾರಿ ಇಲ್ಲ. ಇಲ್ಲದಿರುವುದೇ ಒಳ್ಳೆಯದು ಅಂತ ನನ್ನ ವಾದ. (ಭುಜ ಹತ್ತಿ ಪ್ಲಾಸ್ಟಿಕ್ ಬಿಸಾಡಿ ಬರುವವರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಸಿಟ್ಟು ಜಾಸ್ತಿ ಇದೆ.)

ನಮ್ಮದೊಂದು ಸಣ್ಣ ಗುಂಪು. ಕಾಫಿ ಬೆಳೆಗಾರರು, ಇಬ್ಬರು ಮೇಷ್ಟ್ರು, ಒಬ್ಬ ಜೀಪ್ ಡ್ರೈವರ್. ಘೋಷಣೆ ಕೂಗುವುದು ಕಡಿಮೆ, ಕಾಗದದ ಕೆಲಸವೇ ಜಾಸ್ತಿ. ಮಾಹಿತಿ ಹಕ್ಕಿನಲ್ಲಿ ನಕ್ಷೆ ಕೇಳುತ್ತೇವೆ, ಮೀಸಲು ಅರಣ್ಯದ ಗಡಿ ಎಲ್ಲೆಲ್ಲಿದೆ ಅಂತ ಗುರುತು ಹಾಕುತ್ತೇವೆ. 1980ರ ಅರಣ್ಯ ಕಾಯ್ದೆ ಪ್ರಕಾರ ಕಾಡಿನ ಜಾಗ ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ನಮ್ಮ ಹಿಡಿತ ಇರುವುದು ಅಲ್ಲಿ.

ಕಷ್ಟ ಆಗುವುದು ಅಕ್ಕಪಕ್ಕದವರ ಜೊತೆ ಮಾತಾಡುವಾಗ. 'ನಿಮಗೆ ಆನೆ ಮುಖ್ಯ, ನಮಗೆ ಆಸ್ಪತ್ರೆ' ಅಂತ ಒಬ್ಬರು ಮುಖಕ್ಕೇ ಹೇಳಿದರು. ಸುಳ್ಳಲ್ಲ. ಸೀರಿಯಸ್ ಆದರೆ ನಾವೆಲ್ಲ ಚಾರ್ಮಾಡಿ ಇಳಿದು ಮಂಗಳೂರಿಗೇ ಓಡುವುದು. 2019ರ ಆಗಸ್ಟ್‌ನಲ್ಲಿ ಆ ಘಾಟಿ ಕುಸಿದು ಬಂದ್ ಆದಾಗಿನ ಫಜೀತಿ ಯಾರೂ ಮರೆತಿಲ್ಲ. ಆದರೆ ಅದೇ ಮಳೆ, ಅದೇ ಇಳಿಜಾರು ಭೈರಾಪುರದ ಕೆಳಗೂ ಇದೆ ಅಲ್ವಾ? ರಸ್ತೆಗೆ ಅಂತ ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಎಲ್ಲಿ? 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲೂ ಶಿರಾಡಿಯ ದೊಡ್ಡತಪ್ಪಲೆಯಲ್ಲೂ ಗುಡ್ಡ ಬಂದು ಬಿದ್ದದ್ದು ಹೆದ್ದಾರಿಯ ಮೇಲೆಯೇ. ಇರುವ ಘಾಟಿಗೆ ತಡೆಗೋಡೆ, ಚರಂಡಿ ಸರಿಯಾಗಿ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಡಾಕ್ಟರ್ ಕೊಡಿ ಅಂತ ಅವರು ಬರೆದ ಮನವಿಗೆ ನಾವೂ ಸಹಿ ಹಾಕಿದೆವು. ಆಮೇಲೆ ಮಾತು ಸ್ವಲ್ಪ ಮೆತ್ತಗಾಯಿತು.

ಒಂದು ಪಟ್ಟಿ ಡಾಂಬರಿಗೆ ಇಷ್ಟು ರಂಪವೇ ಅನ್ನುವವರೂ ಇದ್ದಾರೆ. ಮರದ ನೆತ್ತಿಗಳು ತಾಗಿಕೊಂಡಿರುವಷ್ಟು ದಿನ ಕೆಂದಳಿಲಿಗೆ (ಮರದ ಮೇಲೇ ಬದುಕುವ ದೊಡ್ಡ ಅಳಿಲು) ನೆಲಕ್ಕೆ ಇಳಿಯುವ ಕೆಲಸವೇ ಇರುವುದಿಲ್ಲ. ನಡುವೆ ಸೀಳು ಬಿದ್ದರೆ ಇಳಿಯಬೇಕು, ಗಾಡಿ ಬರುವಲ್ಲೇ ಇಳಿಯಬೇಕು. ಸೀಳಿನಿಂದ ಬಿಸಿಲು ನುಗ್ಗಿ ಕಾಡಿನ ಅಂಚು ಒಣಗುತ್ತದೆ, ಲಂಟಾನ ಹಬ್ಬುತ್ತದೆ. ಕಡಿದ ಮಣ್ಣನ್ನು ಕಣಿವೆಗೆ ತಳ್ಳಿದರೆ ಅದು ಹೋಗಿ ಸೇರುವುದು ಶಿಶಿಲದ ಕಪಿಲಾ ಹೊಳೆಗೆ. ಅಲ್ಲಿ ಶಿಶಿಲೇಶ್ವರ ದೇವಸ್ಥಾನದ ಹತ್ತಿರ ಪೆರುವೋಲು ಮೀನುಗಳಿವೆ. ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಹಿಂದೊಮ್ಮೆ ಯಾರೋ ವಿಷ ಹಾಕಿ ಕೊಂದಾಗ ಅವಕ್ಕೆ ಸ್ಮಾರಕವನ್ನೇ ಕಟ್ಟಿದ ಊರು ಅದು. ಹಾಗಾಗಿ ಶಿಶಿಲದಲ್ಲಿ ನಾವು ಆನೆ ಕಥೆ ಹೇಳುವುದಿಲ್ಲ, ಮೀನಿನ ಮಾತಾಡುತ್ತೇವೆ. ಬೇಗ ಅರ್ಥವಾಗುತ್ತದೆ.

ಈಗ ಹೊಸ ಆಕ್ಷೇಪಣೆ ಬರೆಯುತ್ತಿದ್ದೇವೆ. ಘಟ್ಟದ ಮೇಲಿನವರ, ಕೆಳಗಿನವರ ಸಹಿ ಒಂದೇ ಹಾಳೆಯಲ್ಲಿ ಇರಬೇಕು ಅಂತ ನನ್ನ ಹಟ. ಅದಕ್ಕೆ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಸುತ್ತಿ ಶಿಶಿಲಕ್ಕೆ ಹೋಗಿಬರಬೇಕು. 'ರಸ್ತೆ ಇದ್ದಿದ್ದರೆ ಸುಮ್ನೆ ಇಳಿದು ಬರಬಹುದಿತ್ತು ನೋಡು' ಅಂತ ನಮ್ಮ ಯಜಮಾನರು ಕಿಚಾಯಿಸುತ್ತಿದ್ದಾರೆ. ಗಾಡಿ ಓಡಿಸುವುದು ಮಾತ್ರ ಅವರೇ.