ಟ್ರಿನಿಡಾಡಿನಲ್ಲಿ ಸಿಕ್ಕ ಪತ್ರೊಡೆ

ಕಾಲೇಜು ಮುಗಿಸಿ ಹದಿನಾಲ್ಕು ವರ್ಷ ಆದ ಮೇಲೆ ನಾವು ನಾಲ್ವರು ಗೆಳತಿಯರು ಒಟ್ಟಿಗೆ ಒಂದು ವಾರ ಕಳೆದೆವು. ನಾನಿರುವುದು ನ್ಯೂಜೆರ್ಸಿಯಲ್ಲಿ. ಶಿವಮೊಗ್ಗದವಳು ಬಾಸ್ಟನ್ನಿನಲ್ಲಿ, ಉಳಿದಿಬ್ಬರು ಟೊರಾಂಟೊದಲ್ಲಿ. ಮಕ್ಕಳ ಬೇಸಿಗೆ ರಜೆ, ಗಂಡಂದಿರ ರಜೆ, ನಮ್ಮ ಆಫೀಸಿನ ರಜೆ ಎಲ್ಲ ಹೊಂದಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಕೊನೆಗೆ ಈ ಜುಲೈಯಲ್ಲಿ ಕೂಡಿಬಂತು.

ಕೆರಿಬಿಯನ್ ದ್ವೀಪ ಅಂದರೆ ಇಲ್ಲಿನವರೆಲ್ಲ ಬಹಾಮಾಸ್, ಜಮೈಕಾ ಅನ್ನುತ್ತಾರೆ. ಟ್ರಿನಿಡಾಡ್ ಅಂತ ಹಟ ಹಿಡಿದವಳು ನಮ್ಮ ಧಾರವಾಡದವಳು. ಅವಳ ಜೊತೆ ಕೆಲಸ ಮಾಡುವ ಹುಡುಗಿಯ ಮೂಲ ಅಲ್ಲಿಯದು. ಆ ಹುಡುಗಿ ಒಂದು ದಿನ ಡಬ್ಬಿಯಲ್ಲಿ ಉಪ್ಪಿನಕಾಯಿ ತಂದಿದ್ದಳಂತೆ. ಮಾವಿನಕಾಯಿ ತುರಿದು, ನೀರು ಹಿಂಡಿ, ಸಾಸಿವೆ ಎಣ್ಣೆ, ಮಸಾಲೆ ಹಾಕಿ ಮಾಡಿದ್ದು. ಹೆಸರು ಕುಚೇಲಾ. ಕೃಷ್ಣನ ಗೆಳೆಯನ ಹೆಸರಿನ ಉಪ್ಪಿನಕಾಯಿ ತಿನ್ನುವ ಊರನ್ನು ನೋಡಲೇಬೇಕು ಅಂತ ಇವಳಿಗೆ ಅನಿಸಿತು. ಉಳಿಯಲು ಆ ಹುಡುಗಿಯ ದೊಡ್ಡಮ್ಮನ ಮನೆಯ ಮಹಡಿಯೇ ಬಾಡಿಗೆಗೆ ಸಿಕ್ಕಿತು.

ನ್ಯೂಯಾರ್ಕಿನಿಂದ ಸುಮಾರು ಐದು ಗಂಟೆ ಪ್ರಯಾಣ. ಪಿಯಾರ್ಕೊ ವಿಮಾನ ನಿಲ್ದಾಣದ ಬಾಗಿಲು ತೆರೆದದ್ದೇ ತಡ, ಮುಖಕ್ಕೆ ತಾಗಿದ್ದು ನಮ್ಮ ಮಂಗಳೂರಿನ ಬಜ್ಪೆಯ ಗಾಳಿ. ಅದೇ ಬಿಸಿ, ಅದೇ ತೇವ, ಈಗಷ್ಟೇ ಮಳೆ ನಿಂತ ಮಣ್ಣಿನ ಅದೇ ವಾಸನೆ. ಸುಮ್ನೆ ಹೇಳುತ್ತಿಲ್ಲ. ಟ್ರಿನಿಡಾಡ್ ಇರುವುದು ಭೂಮಧ್ಯರೇಖೆಯಿಂದ 10–11 ಡಿಗ್ರಿ ಉತ್ತರಕ್ಕೆ, ವೆನೆಜುವೆಲಾದ ಪಕ್ಕದಲ್ಲೇ. ಜೂನ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆಗಾಲ. ನಾವು ಬೇಸಿಗೆ ರಜೆ ಅಂತ ಹೋದದ್ದು, ಇಳಿದದ್ದು ಮಳೆಗಾಲದ ಊರಿಗೆ. ನಮ್ಮ ಕರಾವಳಿಯಲ್ಲೂ ಆಗ ಮಳೆಯ ಆಟಿ ತಿಂಗಳು ಅಲ್ವಾ? ಆ ಲೆಕ್ಕ ನನಗೆ ಹೊಳೆದದ್ದು ಆಮೇಲೆ.

ಅಲ್ಲಿ ಗಾಡಿ ಓಡುವುದು ರಸ್ತೆಯ ಎಡಗಡೆ. ಅಮೆರಿಕದಲ್ಲಿ ಇಷ್ಟು ವರ್ಷ ಬಲಗಡೆ ಓಡಿಸಿದ ಕೈಗೆ ಸ್ಟಿಯರಿಂಗ್ ಮತ್ತೆ ಊರಿನ ಜಾಗದಲ್ಲಿ ಸಿಕ್ಕಾಗ ಎಷ್ಟು ಖುಷಿ ಆಯಿತು ಅಂದರೆ, ಇಡೀ ವಾರ ಕಾರನ್ನು ಬೇರೆ ಯಾರಿಗೂ ಕೊಡಲಿಲ್ಲ.

ನಾವು ಉಳಿದದ್ದು ಕೂವಾ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಒಂದು ಕಾಲಕ್ಕೆ ಸುತ್ತಲೂ ಕಬ್ಬಿನ ಗದ್ದೆ. ಮನೆಗಳು ಕಂಬಗಳ ಮೇಲೆ ನಿಂತಿವೆ. ಕೆಳಗಿನ ಜಾಗ ಖಾಲಿ, ಅಲ್ಲೊಂದು ಜೋಲಿ, ನಾಲ್ಕು ಕುರ್ಚಿ. ಸುಮಾರು ಮನೆಗಳ ಅಂಗಳದ ಮೂಲೆಯಲ್ಲಿ ಬಿದಿರಿನ ಗಳುಗಳು, ತುದಿಯಲ್ಲಿ ಕೆಂಪು, ಹಳದಿ, ಬಿಳಿ ಬಾವುಟ. ಅದಕ್ಕೆ ಝಂಡಿ ಅನ್ನುತ್ತಾರೆ. ಮನೆಯಲ್ಲಿ ಪೂಜೆ ಆದಾಗ ನೆಡುವುದು. ಕೆಂಪಾದರೆ ಹನುಮಂತನಿಗೆ. ಮಳೆ, ಬಿಸಿಲಿಗೆ ಬಣ್ಣ ಹೋಗಿ ಚಿಂದಿಯಾದರೂ ಕೀಳುವುದಿಲ್ಲ, ಪಕ್ಕದಲ್ಲೇ ಹೊಸದು ಬರುತ್ತದೆ.

ಹಿತ್ತಿಲಿಗೆ ಹೋದರೆ ಜೀಗುಜ್ಜೆ ಮರ. ದಾಸವಾಳ. ಚಪ್ಪರಕ್ಕೆ ಹಬ್ಬಿದ ಬಸಳೆ, ಅವರ ಮಾತಿನಲ್ಲಿ ಪೋಯ್ ಭಾಜಿ. ಉದ್ದದ ಅಲಸಂಡೆ, ಅವರಿಗೆ ಬೋಡಿ. ನಾನು ಒಂದೊಂದನ್ನೇ ಮುಟ್ಟಿ ಹೆಸರು ಹೇಳುತ್ತಾ ಹೋದೆ. ಮನೆಯ ಆಂಟಿ ಹಿಂದೆಯೇ ಬಂದು ತಮ್ಮ ಹೆಸರು ಹೇಳುತ್ತಾ ಬಂದರು.

ಸಮುದ್ರದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ, ಹೋದದ್ದೇ ಅದಕ್ಕೆ. ಉತ್ತರದ ಮಾರಾಕಸ್ ಬೀಚಿಗೆ ಹೋಗುವ ದಾರಿ ನಮ್ಮ ಘಾಟಿಯ ಹಾಗೆ ಕಾಡಿನ ನಡುವೆ ಸುತ್ತಿ ಸುತ್ತಿ ಇಳಿಯುತ್ತದೆ. ಅಲ್ಲಿ ಸೆಳೆತ ಜಾಸ್ತಿ. ಕೆಂಪು ಬಾವುಟ ಇರುವ ಕಡೆ ನೀರಿಗೆ ಇಳಿಯಬೇಡಿ, ಎಷ್ಟೇ ಈಜು ಬಂದರೂ. ದಾರಿಯಲ್ಲಿ ಮಾವಿನಕಾಯಿ ಹೋಳಿಗೆ ಉಪ್ಪು, ಬೆಳ್ಳುಳ್ಳಿ, ಖಾರ, ಕೊತ್ತಂಬರಿ ಪರಿಮಳದ ಒಂದು ಉದ್ದ ಎಲೆ ಹಾಕಿ ಚೀಲದಲ್ಲಿ ಮಾರುತ್ತಾರೆ. ಎರಡು ದಿನ ಪಕ್ಕದ ಟೊಬಾಗೊ ದ್ವೀಪಕ್ಕೂ ಹೋದೆವು. ಪಿಜನ್ ಪಾಯಿಂಟಿನಿಂದ ದೋಣಿಯಲ್ಲಿ ಹೋದರೆ ಕಡಲ ನಡುವೆ ನೈಲಾನ್ ಪೂಲ್ ಅಂತ ಒಂದು ಜಾಗ. ಸುತ್ತ ನೀಲಿ ಸಮುದ್ರ, ಅಲ್ಲಿ ಮಾತ್ರ ಸೊಂಟದಷ್ಟು ನೀರು, ಕಾಲಡಿ ಬಿಳಿ ಮರಳು. ನಾಲ್ವರೂ ಕೈ ಹಿಡಿದು ನಿಂತು, ಹಾಸ್ಟೆಲಿನ ಟೆರೇಸಿನಲ್ಲಿ ಮಾತಾಡುತ್ತಿದ್ದದ್ದನ್ನೇ ಮತ್ತೆ ಮಾತಾಡಿದೆವು. ಗೆಳೆಯರು ಹೀಗೆ ಕೆಲಸವಿಲ್ಲದೆ ಸೇರಿ ಹೊತ್ತು ಕಳೆಯುವುದಕ್ಕೆ ಅಲ್ಲಿಯವರು ಲೈಮಿಂಗ್ ಅನ್ನುತ್ತಾರೆ. ಅದಕ್ಕೇ ಅಂತ ಒಂದು ಪದ ಇಟ್ಟುಕೊಂಡ ಜನರನ್ನು ನೋಡಿ ನನಗೆ ತುಂಬ ಇಷ್ಟವಾಯಿತು.

ಒಂದು ಸಂಜೆ ಕರೋನಿ ಜೌಗಿನ ಕಾಂಡ್ಲಾ ಕಾಡಿನೊಳಗೆ ದೋಣಿಯಲ್ಲಿ ಹೋದೆವು. ಸೂರ್ಯ ಇಳಿಯುವ ಹೊತ್ತಿಗೆ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಬಂದು ಒಂದೇ ನಡುಗಡ್ಡೆಯ ಮರಗಳ ಮೇಲೆ ಕೂರುತ್ತವೆ. ಮರಿಗಳಿಗೆ ಈ ಬಣ್ಣ ಇರುವುದಿಲ್ಲ. ಏಡಿ, ಸಿಗಡಿ ತಿಂದು ತಿಂದು ಕೆಂಪಾಗುವುದು. ಹಸಿರು ಮರ ನೋಡುತ್ತಿದ್ದ ಹಾಗೆಯೇ ಕೆಂಡಸಂಪಿಗೆ ಅರಳಿದ ಹಾಗಾಯಿತು.

ಮರುದಿನ ವಾಟರ್‌ಲೂ ಅನ್ನುವ ಊರಿನ ಸಮುದ್ರದೊಳಗಿನ ಗುಡಿಗೆ ಹೋದೆವು. ಆ ಗುಡಿಯ ಕಥೆಯನ್ನು ಊರಿನಲ್ಲಿರುವ ಎಲ್ಲರಿಗೂ ಹೇಳಬೇಕು ಅಂತ ಆಗಲೇ ಅಂದುಕೊಂಡಿದ್ದೆ.

ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಿತ್ತು. ಬ್ರಿಟಿಷರು ಭಾರತದಿಂದ ಐದು ವರ್ಷದ ಕರಾರಿನ ಮೇಲೆ ಜನರನ್ನು ಹಡಗಿಗೆ ಹತ್ತಿಸಿದರು. ಮೊದಲ ಹಡಗು ಫತೆಲ್ ರಜಾಕ್. ಕಲ್ಕತ್ತೆಯಿಂದ ಫೆಬ್ರವರಿಯಲ್ಲಿ ಹೊರಟು 1845ರ ಮೇ 30ಕ್ಕೆ ಅಲ್ಲಿ ತಲುಪಿತು, ಇನ್ನೂರಕ್ಕೂ ಹೆಚ್ಚು ಜನರೊಂದಿಗೆ. 1917ರ ತನಕ ಹೀಗೆ ಬಂದವರು 1 ಲಕ್ಷದ 40 ಸಾವಿರಕ್ಕೂ ಜಾಸ್ತಿ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದವರು. ಮದ್ರಾಸಿನಿಂದಲೂ ಕೆಲವು ಹಡಗು ಹೋಗಿದ್ದವು. ಬಹಳ ಜನ ವಾಪಸ್ ಬರಲೇ ಇಲ್ಲ.

ಹಾಗೆ ಬಂದ ಒಂದು ಕುಟುಂಬದ ಹುಡುಗ ಸಿವದಾಸ್ ಸಾಧು. ದೊಡ್ಡವರಾಗಿ ಕಬ್ಬಿನ ತೋಟದಲ್ಲೇ ದುಡಿದರು. 1947ರಲ್ಲಿ ಕಡಲ ದಡದಲ್ಲಿ ಒಂದು ಪುಟ್ಟ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದ್ದು. ಕೆಡವು ಅಂದರು, ಇವರು ಕೇಳಲಿಲ್ಲ. ಜೈಲಿಗೆ ಹಾಕಿದರು, ಗುಡಿಯನ್ನೂ ಕೆಡವಿಬಿಟ್ಟರು. ಹೊರಗೆ ಬಂದ ಮೇಲೆ ಅವರು, ಭೂಮಿಗಾದರೆ ಯಜಮಾನರಿದ್ದಾರೆ, ಸಮುದ್ರ ಯಾರದ್ದೂ ಅಲ್ಲ ಅಂತ ನೀರಿನೊಳಗೇ ಕಟ್ಟಲು ಶುರು ಮಾಡಿದರು. ಒಂದು ಸೈಕಲ್, ಎರಡು ಬಕೆಟ್. ಇಳಿತದ ಹೊತ್ತಿನಲ್ಲಿ ಕೆಸರಿನಲ್ಲಿ ಕಲ್ಲು, ಸಿಮೆಂಟು ಹೊತ್ತು, ಒಬ್ಬರೇ, ವರ್ಷಗಟ್ಟಲೆ. ಅವರು ತೀರಿಕೊಂಡ ಮೇಲೆ ಅಲೆಗಳ ಹೊಡೆತಕ್ಕೆ ಗುಡಿ ಸವೆದಿತ್ತು. 1995ರಲ್ಲಿ ಭಾರತೀಯರು ಬಂದು 150 ವರ್ಷ ತುಂಬುವ ಹೊತ್ತಿಗೆ ಸರ್ಕಾರದ ನೆರವಿನಿಂದಲೇ ಮತ್ತೆ ಎದ್ದು ನಿಂತಿತು.

ನಾವು ಹೋದಾಗ ಇಳಿತ. ಎರಡೂ ಕಡೆ ಕಂದು ಕೆಸರು, ಅದರಲ್ಲಿ ಏಡಿಗಳ ತೂತು. ಗುಡಿಗೆ ಹೋಗುವ ದಾರಿಯ ಉದ್ದಕ್ಕೂ ಗಾಳಿಗೆ ಪಟಪಟ ಅನ್ನುವ ಝಂಡಿಗಳು. ಪಕ್ಕದ ದಡದಲ್ಲಿ ಸ್ಮಶಾನ. ಆ ಕೆಸರನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು, ಆ ಮನುಷ್ಯ ಒಂದೊಂದು ಬಕೆಟ್ಟಿಗೂ ಎಷ್ಟು ಹೆಣಗಿರಬೇಕು ಅಂತ. ಸೈಕಲ್ ಚಕ್ರ ಅದರಲ್ಲಿ ಮೊಳದುದ್ದ ಹೂತುಹೋಗುತ್ತದೆ. ಮಾತಿಗೆ ಎಂದೂ ಕಡಿಮೆಯಿಲ್ಲದ ಧಾರವಾಡದವಳು ಕಾರಿಗೆ ಬರುವ ತನಕ ಏನೂ ಮಾತಾಡಲಿಲ್ಲ.

ಭಾನುವಾರ ಬೆಳಗ್ಗೆ ಆಂಟಿ ನಮ್ಮನ್ನು ಕೆಳಗೆ ಕರೆದರು. "ಬನ್ನಿ ಬೇಟಿ, ಇವತ್ತು ಸಹೀನಾ ಮಾಡ್ತೀನಿ." ಅವರು ಆಡುವುದು ಟ್ರಿನಿಡಾಡಿನ ಇಂಗ್ಲಿಷು, ಹಾಡಿನ ಹಾಗೆ ಏರಿಳಿಯುವ ಮಾತು. ಹಿಂದಿ ಬರುವುದಿಲ್ಲ. ಆದರೆ ಅಡುಗೆಮನೆಗೆ ಬಂದರೆ ತಾವಾ, ಬೇಲ್ನಾ, ಕಲ್ಚುಲ್. ದಾಲಿಗೆ ಒಗ್ಗರಣೆ ಹಾಕುವುದು ಚುಂಕೆ. ಅರೆಯುವ ಕಲ್ಲು ಸಿಲ್, ಗುಂಡು ಲೋಢಾ. ಇಡೀ ಭಾಷೆ ಹೋಗಿದೆ, ಒಲೆಯ ಸುತ್ತಲಿನ ಪದ ಮಾತ್ರ ಒಂದೂ ಹೋಗಿಲ್ಲ. ಮೊಮ್ಮಗ ಬಂದು ಅವರ ಸೆರಗಿಲ್ಲದ ಗೌನನ್ನು ಜಗ್ಗಿ "ಆಜಿ" ಅಂದ. ನಾನು ಥಟ್ಟನೆ ತಿರುಗಿ ನೋಡಿದೆ. ಅಲ್ಲಿ ಅಪ್ಪನ ಅಪ್ಪ ಆಜಾ, ಅಪ್ಪನ ಅಮ್ಮ ಆಜಿ. ಭೋಜಪುರಿಯಿಂದ ಬಂದದ್ದು, ಗೊತ್ತು. ಕಿವಿಗೆ ಕೇಳಿದ್ದು ಮಾತ್ರ ಅಜ್ಜಿಯೇ.

ಮೇಜಿನ ಮೇಲೆ ಒಂದು ಕಟ್ಟು ಕೆಸುವಿನ ಎಲೆ. ಇನ್ನೂ ನೀರಹನಿ ಗುಂಡಾಗಿ ಉರುಳುತ್ತಿತ್ತು. ಆಂಟಿ ಎಲೆ ಮಗುಚಿ ಹಾಕಿ, ಬೆನ್ನಿನ ದಪ್ಪ ನಾರನ್ನು ಚೂರಿಯಿಂದ ಸವರಿ ತೆಗೆದರು. ಬೇಳೆ ಹಿಟ್ಟಿಗೆ ಅರಿಶಿನ, ಬೆಳ್ಳುಳ್ಳಿ, ಖಾರ ಕಲಸಿದ್ದು ಪಕ್ಕದಲ್ಲಿತ್ತು. ದೊಡ್ಡ ಎಲೆ ಕೆಳಗೆ, ಅದಕ್ಕೆ ಹಿಟ್ಟು ಬಳಿದು, ಮೇಲೆ ಇನ್ನೊಂದು ಎಲೆಯನ್ನು ತುದಿ ಆಚೆ ಮಾಡಿ ಇಟ್ಟು, ಮತ್ತೆ ಹಿಟ್ಟು. ಎರಡೂ ಅಂಚು ಒಳಗೆ ಮಡಚಿ ಚಾಪೆಯ ಹಾಗೆ ಸುತ್ತಿದರು. ನನ್ನ ಕೈ ತಾನಾಗಿ ಮುಂದೆ ಹೋಗಿ ಮುಂದಿನ ಎಲೆ ಎತ್ತಿಕೊಂಡಿತು. ಅಕ್ಕಿ, ತೆಂಗಿನಕಾಯಿ, ಹುಣಸೆ, ಬೆಲ್ಲ ಇಲ್ಲ ಅನ್ನುವುದು ಬಿಟ್ಟರೆ ಇದು ಪತ್ರೊಡೆಯೇ. ಇದನ್ನು ಹಬೆಯಲ್ಲಿ ಬೇಯಿಸಿ, ಬಿಲ್ಲೆ ಕತ್ತರಿಸಿ, ಎಣ್ಣೆಯಲ್ಲಿ ಕರಿಯುತ್ತಾರೆ.

"ನಿನಗೆ ಯಾರು ಕಲಿಸಿದ್ದು?" ಅಂತ ಆಂಟಿ ಕೇಳಿದರು. "ನನ್ನ ಆಜಿ" ಅಂದೆ.

ಎಲೆ ಬೇಯುತ್ತಿದ್ದಾಗ ಅವರು ಕಪಾಟಿನಿಂದ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಒಂದು ಜೆರಾಕ್ಸ್ ತಂದರು. ಗಂಡನ ಅಜ್ಜ ಹಡಗು ಹತ್ತುವಾಗ ಅವರಿಗೆ ಕೊಟ್ಟ ಪಾಸು, 1905ರದ್ದು. ಹೆಸರು, ಅಪ್ಪನ ಹೆಸರು, ಜಾತಿ, ಹಳ್ಳಿ. ಜಿಲ್ಲೆ ಬಸ್ತಿ. ವಯಸ್ಸು 20. ಎತ್ತರ 5 ಅಡಿ 3 ಇಂಚು. ಗುರುತು: ಎಡ ಮೊಣಕಾಲಿನ ಮೇಲೆ ಗಾಯದ ಕಲೆ. "ನಮ್ಮಲ್ಲಿ ಅವರ ಫೋಟೊ ಇಲ್ಲ" ಅಂದರು ಆಂಟಿ, "ಈ ಕಲೆ ಒಂದೇ ಇರುವುದು." ಹಳ್ಳಿಯ ಹೆಸರಿನ ಮೇಲೆ ಬೆರಳಿಟ್ಟು, ಇದನ್ನು ಹೇಗೆ ಓದುವುದು ಅಂತ ನನ್ನನ್ನು ಕೇಳಿದರು. ಗುಮಾಸ್ತನ ಕೈಬರಹ, ಅಕ್ಷರ ಮಸುಕು. ನಾನೂ ಶಿವಮೊಗ್ಗದವಳೂ ಬೆಳಕಿಗೆ ಹಿಡಿದು ಮೂರು ಥರ ಓದಿದೆವು. ಮೂರನ್ನೂ ಅವರು ಮೆಲ್ಲಗೆ ಹೇಳಿಕೊಂಡು ನೋಡಿದರು.

ಅಲ್ಲಿ ಬೆಳಗ್ಗೆ ಒಂಬತ್ತು ಅಂದರೆ ಊರಿನಲ್ಲಿ ಸಂಜೆ ಆರೂವರೆ. ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವಳೂ ಅಡುಗೆಮನೆಯಲ್ಲೇ ಇದ್ದಳು.

"ಅಮ್ಮಾ, ಇಲ್ಲಿ ಪತ್ರೊಡೆ ಮಾಡ್ತಿದ್ದಾರೆ ನೋಡು."

"ಹುಳಿ ಹಾಕಿದ್ದಾರಾ ಕೇಳು. ಇಲ್ಲದಿದ್ರೆ ಗಂಟಲು ತುರಿಸ್ತದೆ."

ಆಂಟಿಗೆ ಹೇಳಿದೆ. ಅವರು ಹುಣಸೆ ಚಟ್ನಿಯ ಬಟ್ಟಲನ್ನು ಎತ್ತಿ ಫೋನಿಗೆ ತೋರಿಸಿದರು. ಅಮ್ಮ ತಲೆ ಆಡಿಸಿದಳು. ಮತ್ತೆ ಎಲೆ ತೋರಿಸಲು ಹೇಳಿದಳು, ದಂಟು ಕಪ್ಪೋ ಬಿಳಿಯೋ ಅಂತ. ಆಂಟಿ ಎಲೆ ಮಗುಚಿ ದಂಟು ಹಿಡಿದರು. ಅಮ್ಮ ತನ್ನ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಆಟಿ ತಿಂಗಳು, ಅವಳೂ ಪತ್ರೊಡೆಯನ್ನೇ ಇಟ್ಟಿದ್ದಳು. ಫೋನಿನ ತುಂಬ ಹಬೆ. ಹಬೆ ಇಳಿದ ಮೇಲೆ ಸಾಲಾಗಿ ಸುರುಳಿಗಳು ಕಂಡವು. ಆಂಟಿ ಮೊಮ್ಮಗನನ್ನು ಎತ್ತಿಕೊಂಡು ಫೋನಿಗೆ ಹತ್ತಿರ ಹಿಡಿದರು. "ನೋಡು, ಇಂಡಿಯಾದ ಆಜಿ ಹೇಗೆ ಮಾಡ್ತಾರೆ ನೋಡು. ಆಜಿ ಅನ್ನು." ಹುಡುಗ "ಆಜಿ" ಅಂದ.

ಅಮ್ಮ ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ನನ್ನನ್ನು ಕೇಳಿದಳು: "ಅಜ್ಜಿ ಅಂದನಾ? ಅವರಿಗೆ ಕನ್ನಡ ಬರ್ತದಾ?"